ರುಚಿ ನೋಡಿದ್ದು ತಿಂದದ್ದಲ್ಲ

ಅಪ್ಪನ ಆಪರೇಶನ್ನಿಗೆ ನಾನು ಮೂರು ವಾರ ತಯಾರಿ ಮಾಡಿದೆ. ಅದಕ್ಕೂ ಮೊದಲು ಎಂಟು ತಿಂಗಳು ಅಪ್ಪ ತಮ್ಮ ಕಾಯಿಲೆಯನ್ನು ಮುಚ್ಚಿಡುವ ತಯಾರಿಯಲ್ಲಿದ್ದರು. ಕಿಬ್ಬೊಟ್ಟೆಯ ಬಲಗಡೆ ಎದ್ದಿದ್ದ ಹರ್ನಿಯದ ಗಂಟನ್ನು ಹಳೆಯ ಪಂಚೆಯಿಂದ ಹರಿದ ಪಟ್ಟಿಯಲ್ಲಿ ಬಿಗಿದು ಕಟ್ಟಿ, ಮೇಲೆ ಸಡಿಲವಾದ ಬಿಳಿ ಶರ್ಟು ತೊಟ್ಟು, ಡೊಂಬಿವಲಿಯ ಮನೆಯ ಮೂರು ಮಹಡಿಯನ್ನು ದಿನಕ್ಕೆರಡು ಸಲ ಹತ್ತಿ ಇಳಿಯುತ್ತಿದ್ದರು. ಒಗೆಯಲು ಬೀಳುವ ಪಂಚೆಗಳು ಒಂದೊಂದಾಗಿ ಗಿಡ್ಡವಾಗುತ್ತಿವೆ ಎಂದು ಅಮ್ಮನಿಗೆ ಅನುಮಾನ ಬಂದ ಮೇಲೆಯೇ ವಿಷಯ ಹೊರಬಿದ್ದದ್ದು. ವಿಚಾರಣೆಯಲ್ಲಿ ಅಪ್ಪ ಒಪ್ಪಿಕೊಂಡ ಪ್ರಕಾರ ಗಂಟು ಮೊದಲು ಗೋಳಿಬಜೆಯಷ್ಟಿತ್ತು, ಈಗ ಬನ್ಸಿನಷ್ಟಾಗಿದೆ.

ಅವರ ಅಳತೆಗಳೆಲ್ಲ ಹೀಗೇ. ಉಡುಪಿ ಕಡೆಯಿಂದ ಬಂದು ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಎಂಟು ಟೇಬಲ್ಲಿನ ಸಸ್ಯಾಹಾರಿ ಹೋಟೆಲನ್ನು ನಲವತ್ತು ವರ್ಷ ನಡೆಸಿದವರು. ಬೆಳಿಗ್ಗೆ ಐದೂವರೆಗೆ ಹೋಟೆಲಿನ ಅಡುಗೆಮನೆಗೆ ಹೋಗಿ, ಕುದಿಯುವ ಸಾಂಬಾರಿನಿಂದ ಸೌಟಿನಲ್ಲಿ ಒಂದಿಷ್ಟು ತೆಗೆದು, ಬಲ ಅಂಗೈಗೆ ಸುರಿದುಕೊಂಡು ನೆಕ್ಕಿ, ಕಣ್ಣು ಮುಚ್ಚಿ ನಿಲ್ಲುವುದು ಅವರ ದಿನದ ಮೊದಲ ಕೆಲಸವಾಗಿತ್ತು. ಅಡುಗೆಯವರು ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಅಪ್ಪ ಕಣ್ಣು ತೆರೆದು ‘ಹೂಂ’ ಎಂದ ಮೇಲೆಯೇ ಶಟರು ಏಳುತ್ತಿತ್ತು. ಹೋಟೆಲು ಬಿಟ್ಟುಕೊಟ್ಟು ನಾಲ್ಕು ವರ್ಷವಾಯಿತು, ಈಗ ಅಲ್ಲಿ ಮೊಬೈಲಿನ ಕವರು ಮಾರುತ್ತಾರೆ. ಐದೂವರೆಗೆ ಎಚ್ಚರವಾಗುವುದು ಮಾತ್ರ ನಿಂತಿಲ್ಲ. ಎದ್ದು ಮನೆಯ ಅಡುಗೆಮನೆಗೆ ಬಂದು ಅಮ್ಮನ ಒಗ್ಗರಣೆಗೆ ಸಲಹೆ ಕೊಡುತ್ತಾರೆ, ಅಮ್ಮ ಅವರನ್ನು ಹೊರಗೆ ದಬ್ಬುತ್ತಾಳೆ. ಅವರಿಬ್ಬರ ಜಗಳ ತುಳುವಿನಲ್ಲಿ, ಮಗಳಾದ ನನಗೆ ಉಪದೇಶ ಮಾಡುವುದು ಕನ್ನಡದಲ್ಲಿ.

ಥಾಣೆಯ ಸರ್ಜನ್ನರು ಗಂಟನ್ನು ಒತ್ತಿ ನೋಡಿ ವಿಷಯವನ್ನು ನೇರವಾಗಿ ಹೇಳಿದರು. ಈಗೇನೋ ಒಳಗೆ ಹೋಗಿ ಹೊರಗೆ ಬರುತ್ತಿದೆ, ಒಂದು ದಿನ ಹೊರಗೇ ಸಿಕ್ಕಿಕೊಂಡರೆ ಕರುಳಿಗೆ ರಕ್ತ ಹೋಗುವುದು ನಿಲ್ಲುತ್ತದೆ, ಎಪ್ಪತ್ತಾರರ ವಯಸ್ಸಿನಲ್ಲಿ ಹಾಗೆ ತುರ್ತಾಗಿ ಓಡಿ ಬರುವ ಪರಿಸ್ಥಿತಿ ತಂದುಕೊಳ್ಳಬೇಡಿ ಎಂದರು. ಅಪ್ಪ ಗಂಭೀರವಾಗಿ ತಲೆಯಾಡಿಸಿ, ಹೊರಗೆ ಬಂದು, ಮಳೆಗಾಲ ಕಳೆಯಲಿ ಎಂದರು. ಮಳೆಗಾಲ ಕಳೆದ ಮೇಲೆ ನವರಾತ್ರಿ ಬಂತು, ಆಮೇಲೆ ದೀಪಾವಳಿ. ಕೊನೆಗೆ ಅಮ್ಮ ಅವರ ಬಿಳಿ ಶರ್ಟುಗಳನ್ನೆಲ್ಲ ಬೀರುವಿಗೆ ಸೇರಿಸಿ ಬೀಗ ಹಾಕಿ, ದಿನ ಗೊತ್ತು ಮಾಡಿದರೆ ಮಾತ್ರ ಶರ್ಟು ಎಂದಳು. ಬಿಳಿ ಶರ್ಟಿಲ್ಲದೆ ಅಪ್ಪ ಹಾಲು ತರುವುದಕ್ಕೂ ಹೋಗುವವರಲ್ಲ. ಎರಡು ದಿನ ಗಂಜಿಫ್ರಾಕಿನಲ್ಲಿ ಮನೆಯೊಳಗೇ ಸುಳಿದಾಡಿ ಮೂರನೆಯ ದಿನ ಶರಣಾದರು. ಆದರೆ ಒಂದು ಷರತ್ತು ಹಾಕಿದರು.

“ಒಂದು ಸಲ ಬರ್ತೇನೆ. ಆ ದಿವಸ ಆಗದಿದ್ರೆ ಮತ್ತೆ ನನ್ನನ್ನು ಕರೀಬೇಡಿ.”

ಅವರು ಹೇಳಿದರೆ ಹೇಳಿದ ಹಾಗೆಯೇ ಮಾಡುವ ಜನ. ಒಮ್ಮೆ ಒಬ್ಬ ಚಿಕ್ಕಪ್ಪನ ಮನೆಗೆ ಇನ್ನು ಬರುವುದಿಲ್ಲ ಎಂದವರು ಹದಿನೇಳು ವರ್ಷ ಹೋಗಿರಲಿಲ್ಲ, ಆ ಚಿಕ್ಕಪ್ಪನ ಮನೆ ನಮ್ಮ ಬಿಲ್ಡಿಂಗಿನ ಹಿಂದಿನ ಬಿಲ್ಡಿಂಗಿನಲ್ಲಿತ್ತು. ಹಾಗಾಗಿ ಆ ಒಂದು ದಿನದಲ್ಲಿ ಏನೂ ತಪ್ಪಬಾರದು ಎಂದು ನಾನು ಟೊಂಕ ಕಟ್ಟಿದೆ. ನಾನು ಮಹಾಪೆಯ ಒಂದು ಕಂಪನಿಯಲ್ಲಿ ಗುಣಮಟ್ಟ ವಿಭಾಗದಲ್ಲಿದ್ದೇನೆ. ಬೇರೆಯವರು ತುಂಬಿದ ಫಾರಮ್ಮುಗಳಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ, ಸ್ವಭಾವವೂ ಅದೇ ಎಂದು ಮನೆಯವರ ಅಭಿಪ್ರಾಯ. ಒಂದು ನೀಲಿ ಫೈಲು ಮಾಡಿದೆ. ರಿಪೋರ್ಟುಗಳು ತಾರೀಖಿನ ಕ್ರಮದಲ್ಲಿ, ಬಿಪಿ ಮತ್ತು ಶುಗರಿನ ಮಾತ್ರೆಗಳ ಪಟ್ಟಿ ಹೊತ್ತಿನ ಕ್ರಮದಲ್ಲಿ, ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳು, ಡಾಕ್ಟರು ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರಗಳು, ಒಟ್ಟು ಮೂರು ಪುಟ. ಡಾಕ್ಟರು ಕೋಣೆಗೆ ಬಂದು ಎರಡು ನಿಮಿಷದಲ್ಲಿ ಮಾಯವಾಗುತ್ತಾರೆ, ಆ ಎರಡು ನಿಮಿಷದಲ್ಲಿ ಬಾಯಿ ಕಟ್ಟಿದರೆ ಹೋಯಿತು ಎಂದು ಆಫೀಸಿನಲ್ಲಿ ಎಲ್ಲರೂ ಎಚ್ಚರಿಸಿದ್ದರು. ನನ್ನ ಬಾಯಿ ಕಟ್ಟುವ ಅಪಾಯ ಕಡಿಮೆ. ಆದರೂ ಬರೆದಿಟ್ಟುಕೊಂಡೆ.

ಅಪ್ಪನನ್ನು ಡಾಕ್ಟರ ಎದುರು ಕೂರಿಸಿದಾಗಲೇ ತೊಂದರೆ ಶುರುವಾಗುವುದು. ಗಲ್ಲಾದ ಹಿಂದೆ ಕೂತು ಬಂದವರಿಗೆಲ್ಲ ನಗುತ್ತಲೇ ಉತ್ತರ ಕೊಟ್ಟು ಅಭ್ಯಾಸವಾದ ಅವರಿಗೆ, ಹೊರಗಿನವರ ಮುಂದೆ ಸರಿಯಿಲ್ಲ ಎನ್ನುವ ಮಾತು ನಾಲಿಗೆಗೆ ಬರುವುದಿಲ್ಲ. ಆಪರೇಶನ್ನಿಗೆ ಒಂದು ವಾರ ಮೊದಲು ಅರಿವಳಿಕೆಯ ಡಾಕ್ಟರು ಪರೀಕ್ಷೆಗೆ ಕರೆದಿದ್ದರು. ಸಣ್ಣ ಮೈಯ, ಶಾಂತ ಮುಖದ ಹೆಂಗಸು, ನನಗಿಂತ ಹತ್ತು ವರ್ಷವಾದರೂ ಚಿಕ್ಕವರು. ನಿದ್ದೆ ಹೇಗೆ ಎಂದು ಕೇಳಿದರು. ಅಪ್ಪ ಫಸ್ಟ್ ಕ್ಲಾಸ್ ಎಂದರು. ಹಸಿವು ಹೇಗೆ ಎಂದರೆ ಫಸ್ಟ್ ಕ್ಲಾಸ್. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಯೇ ಎಂದು ಕೇಳಿದ್ದಕ್ಕೆ ಅದೂ ಫಸ್ಟ್ ಕ್ಲಾಸಾಗಿ ಬರುತ್ತದೆ ಎಂದರು. ನಾನು ಪ್ರತಿ ಉತ್ತರದ ನಡುವೆ ಫೈಲು ಬಿಚ್ಚಿ ತಿದ್ದುಪಡಿ ಸೂಚಿಸುತ್ತ ಹೋದೆ. ಹೊರಗೆ ಬಂದ ಮೇಲೆ ಅಪ್ಪ ಥಾಣೆ ಸ್ಟೇಷನ್ನಿನವರೆಗೆ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಪಾಠ ಬಾರದ ಹುಡುಗನನ್ನು ಮಾಸ್ತರರ ಮುಂದೆ ನಿಲ್ಲಿಸಿದ ಹಾಗೆ ಮಾಡಿದೆ ಎಂದು ಪ್ಲಾಟ್‌ಫಾರಮ್ಮಿನಲ್ಲಿ ಬೈದರು.

ಭರ್ತಿಯಾಗುವ ದಿನ ಕಾರು ಮಾಡೋಣ ಎಂದರೆ ಕೇಳಲಿಲ್ಲ. ಶಿಳಫಾಟಾದ ರಸ್ತೆಯ ಹೊಂಡಗಳಲ್ಲಿ ಕುಲುಕಿದರೆ ಆಪರೇಶನ್ ಅಲ್ಲೇ ಆಗಿಹೋಗುತ್ತದೆ ಎಂದರು. ಸ್ಲೋ ಲೋಕಲ್ಲಿನಲ್ಲೇ ಹೊರಟೆವು. ಅಮ್ಮನ ಕೈಯಲ್ಲಿ ಎರಡು ಚೀಲಗಳು. ಒಂದರಲ್ಲಿ ಮನೆಯ ಹಾಸು ಹೊದಿಕೆ, ಸ್ಟೀಲಿನ ಲೋಟ, ಕಷಾಯದ ಪುಡಿ, ಮಿಡಿ ಉಪ್ಪಿನಕಾಯಿ. ಇನ್ನೊಂದರಲ್ಲಿ ಇಸ್ತ್ರಿ ಮಾಡಿದ ಮೂರು ಬಿಳಿ ಶರ್ಟು. ಆಪರೇಶನ್ ಆದವರಿಗೆ ಇಸ್ತ್ರಿ ಶರ್ಟು ಯಾಕೆ ಎಂದು ಕೇಳಿದೆ. ನೋಡಲು ಬಂದವರ ಎದುರು ಹೇಗೆ ಕೂರುವುದು ಎಂದು ಅಪ್ಪ ನನ್ನನ್ನೇ ಕೇಳಿದರು. ಮುಂಬ್ರಾ ದಾಟುವ ಹೊತ್ತಿಗೆ ಎದುರು ಕೂತಿದ್ದ ಅಪರಿಚಿತರೊಬ್ಬರು ತಮ್ಮ ಭಾವನ ಹರ್ನಿಯದ ಕತೆಯನ್ನು ಪೂರ್ತಿ ಹೇಳಿ ಮುಗಿಸಿದ್ದರು. ಭಾವ ಈಗ ಚೆನ್ನಾಗಿದ್ದಾರೆಯೇ ಎಂದು ಅಮ್ಮ ಕೇಳಿದಾಗ ಆತ ಕಿಟಕಿಯ ಹೊರಗೆ ನೋಡಿದರು.

ಆಸ್ಪತ್ರೆಯಲ್ಲಿ ಎರಡು ಹಾಸಿಗೆಯ ಕೋಣೆ ಸಿಕ್ಕಿತು, ಪಕ್ಕದ ಹಾಸಿಗೆ ಖಾಲಿ. ಸಂಜೆ ನರ್ಸ್ ಬಂದು, ರಾತ್ರಿ ಹತ್ತರ ನಂತರ ಏನೂ ತಿನ್ನಬಾರದು, ಬೆಳಿಗ್ಗೆ ಆರರ ನಂತರ ನೀರೂ ಬೇಡ, ಹೊಟ್ಟೆ ಖಾಲಿ ಇರಬೇಕು ಎಂದು ಹಿಂದಿಯಲ್ಲಿ ಎರಡೆರಡು ಸಲ ಹೇಳಿದಳು. ನಲವತ್ತು ವರ್ಷ ಏಕಾದಶಿ ಮಾಡಿದವನಿಗೆ ಇದೊಂದು ವಿಷಯವೇ ಎಂದು ಅಪ್ಪ ನಕ್ಕರು. ನಾನು ಫೈಲಿನಲ್ಲಿ ಅದಕ್ಕೊಂದು ಟಿಕ್ ಹಾಕಿದೆ. ರೋಗಿಯ ಜೊತೆ ಒಬ್ಬರೇ ಇರಬಹುದು ಎಂದದ್ದರಿಂದ ಅಮ್ಮ ಉಳಿದಳು, ನಾನು ಐರೋಲಿಯ ನನ್ನ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಏಳೂಕಾಲಿಗೆ ನಾನು ಬಂದಾಗ ಅಪ್ಪ ಹಾಸಿಗೆಯಲ್ಲಿ ಕೂತು ಪೇಪರು ಓದುತ್ತಿದ್ದರು. ಮುಖದಲ್ಲಿ ಒಂದು ಕಳೆ. ಎಷ್ಟೋ ತಿಂಗಳಿಂದ ಅವರನ್ನು ಅಷ್ಟು ಗೆಲುವಾಗಿ ನೋಡಿರಲಿಲ್ಲ. ಬೆಳಿಗ್ಗೆ ಬೇಗ ಎದ್ದು ಕೆಳಗೆ ವಾಕಿಂಗ್ ಹೋಗಿ ಬಂದರು ಎಂದು ಅಮ್ಮ ಹೇಳಿದಳು. ಹೆದರಿಕೆ ಕಳೆಯಿತು, ಒಳ್ಳೆಯದಾಯಿತು ಎಂದುಕೊಂಡೆ. ನರ್ಸ್ ಬಂದು ಏನಾದರೂ ತಿಂದಿದ್ದೀರಾ ಎಂದು ಕೇಳಿದಳು. ಅಪ್ಪ ಇಲ್ಲ ಎಂದರು. ನಾನೂ ಕೇಳಿದೆ, ಇಲ್ಲ ಎಂದರು. ಅಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳಿದರೆ ಕಿವಿ ಕೆಂಪಾಗುತ್ತದೆ. ಕಿವಿ ಕೆಂಪಾಗಿರಲಿಲ್ಲ. ನಾನು ಇನ್ನೊಂದು ಟಿಕ್ ಹಾಕಿದೆ.

ಒಂಬತ್ತಕ್ಕೆ ಆಪರೇಶನ್. ಎಂಟೂವರೆಗೆ ಅಮ್ಮನಿಗೆ ಚಹಾ ತರಲು ಕೆಳಗಿನ ಕ್ಯಾಂಟೀನಿಗೆ ಹೋದೆ. ಅಲ್ಲಿ ದೊಡ್ಡ ಸಾಲು. ಸಾಲಿನಲ್ಲಿ ನಿಂತೇ ಅತ್ತೆಗೆ ಫೋನು ಮಾಡಿ, ಹೌದು ಒಂಬತ್ತಕ್ಕೆ, ಇಲ್ಲ ಏನೂ ತಿಂದಿಲ್ಲ ಎಂದು ಹೇಳುತ್ತಿದ್ದೆ. ಕನ್ನಡ ಕೇಳಿ ಒಳಗಿನಿಂದ ಅಡುಗೆಯವನೇ ಕೈ ಒರೆಸಿಕೊಳ್ಳುತ್ತ ಬಂದ. ನಲವತ್ತರ ಆಸುಪಾಸು, ಕಲಬುರಗಿ ಕಡೆಯವನು. ಭಿವಂಡಿಯ ಗೋದಾಮಿನಲ್ಲಿ ಮೂಟೆ ಹೊತ್ತು ಬೆನ್ನು ಹಿಡಿದ ಮೇಲೆ ಅಡುಗೆಗೆ ಬಂದೆ ಎಂದು ಆಮೇಲೆ ಹೇಳಿದ.

“ಅಕ್ಕಾರ, ನೀವು ಮ್ಯಾಲಿನ ಹಿರೇರ ಮಗಳೇನ್ರಿ? ಮುಂಜಾನಿ ಬಂದು ನನ್ನ ಮರ್ಯಾದಿ ಉಳಿಸ್ಯಾರ ನೋಡ್ರಿ. ದಿನಾ ಎಲ್ಲಾರೂ ಸಾಂಬಾರ ಬಿಟ್ಟು ಏಳತಿದ್ರು. ಇವತ್ತ ಲೈನ್ ನೋಡ್ರಿ.”

ಹಿರಿಯರು ಬಂದು ಏನು ಮಾಡಿದರು ಎಂದು ಕೇಳಿದೆ.

“ಕೈಯಾಗ ಹಾಕ್ಕೊಂಡು ರುಚಿ ನೋಡಿದ್ರು. ಬ್ಯಾಳಿ ಬೆಂದಿಲ್ಲ, ಹುಣಸಿ ಭಾಳ ಆಗ್ಯಾದ ಅಂದ್ರು. ಬೆಲ್ಲ ಹಾಕಿಸಿ ಮತ್ತ ನೋಡಿದ್ರು. ಚಟ್ನಿನೂ ನೋಡಿದ್ರು. ಅಂಥಾ ನಾಲಗಿ ನಾ ಎಲ್ಲೂ ನೋಡಿಲ್ರಿ.”

ನನ್ನ ಮುಖ ನೋಡಿ ಅವನಿಗೂ ಏನೋ ಹೊಳೆಯಿತು. ಹಿರಿಯರು ಶರ್ಟು ಹಾಕಿಕೊಂಡಿದ್ದರು, ಯಾರನ್ನೋ ನೋಡಲು ಬಂದವರು ಎಂದುಕೊಂಡೆ, ಆಪರೇಶನ್ನಿನ ಪೇಶಂಟ್ ಎಂದು ಗೊತ್ತಿರಲಿಲ್ಲ, ನನ್ನ ಕೆಲಸ ಹೋಗುತ್ತದೆ ಎಂದು ಅಳುವ ಹಾಗಾದ. ಹಾಳು ಇಸ್ತ್ರಿ ಶರ್ಟು. ನಾನು ಚಹಾ ಅಲ್ಲೇ ಬಿಟ್ಟು ಓಡಿದೆ. ಲಿಫ್ಟು ಬರಲಿಲ್ಲ. ನಾಲ್ಕು ಮಹಡಿ ಹತ್ತುವಷ್ಟರಲ್ಲಿ ನನಗೇ ಫಸ್ಟ್ ಕ್ಲಾಸ್ ಏದುಸಿರು.

ಕೋಣೆಯ ಬಾಗಿಲಲ್ಲಿ ಸ್ಟ್ರೆಚರ್ ಬಂದು ನಿಂತಿತ್ತು. ಅಪ್ಪ ಹಸಿರು ಗೌನಿನಲ್ಲಿ ಅದರ ಮೇಲೆ ಮಲಗಿ, ತಳ್ಳುವವನಿಗೆ ಅವನ ಊರು ಯಾವುದೆಂದು ವಿಚಾರಿಸುತ್ತಿದ್ದರು. ನಾನು ಅವರ ಬಲಗೈ ಹಿಡಿದು ಬಿಡಿಸಿ ನೋಡಿದೆ. ಅಂಗೈಯ ಗೆರೆಗಳಲ್ಲಿ ಅರಿಸಿನ, ಮೂಸಿದರೆ ಇಂಗು.

“ಏನೂ ತಿಂದಿಲ್ಲ ಅಂದ್ರಲ್ಲ ಅಪ್ಪ.”

“ಎಂತ ತಿಂದದ್ದು? ರುಚಿ ನೋಡಿದ್ದು. ಅದು ತಿಂದ ಲೆಕ್ಕಕ್ಕೆ ಬರುದಿಲ್ಲ.”

ಕಿವಿ ಯಾಕೆ ಕೆಂಪಾಗಿರಲಿಲ್ಲ ಎಂದು ಆಗ ತಿಳಿಯಿತು. ಅವರು ಸುಳ್ಳು ಹೇಳಿರಲೇ ಇಲ್ಲ. ಹೋಟೆಲು ನಡೆಸಿದಷ್ಟು ವರ್ಷವೂ ಏಕಾದಶಿಯ ದಿನ ಉಪವಾಸ ಮಾಡಿದ್ದಾರೆ, ಪ್ರತಿ ಏಕಾದಶಿಯೂ ಐದೂವರೆಗೆ ಸಾಂಬಾರಿನ ರುಚಿ ನೋಡಿದ್ದಾರೆ. ಅದು ನಾಲಿಗೆಯ ಕೆಲಸ, ಹೊಟ್ಟೆಗೆ ಸಂಬಂಧವಿಲ್ಲ ಎಂಬುದು ಅವರ ಕಾನೂನು. ದೇವರು ಇಷ್ಟು ವರ್ಷ ಒಪ್ಪಿದ ಮೇಲೆ ಡಾಕ್ಟರು ಒಪ್ಪದೆ ಏನು ಎಂದು ಅವರು ನಿಜವಾಗಿ ನಂಬಿದ್ದರು. ಅಮ್ಮ ತುಳುವಿನಲ್ಲಿ ಅವರ ವಂಶವನ್ನೇ ನೆನೆಸಿಕೊಂಡಳು.

ನಾನು ಡಾಕ್ಟರಿಗೆ ಹೇಳುತ್ತೇನೆ ಎಂದೆ. ಅಪ್ಪ ನನ್ನ ಮಣಿಕಟ್ಟು ಹಿಡಿದರು.

“ಹೇಳಬೇಡ. ಇವತ್ತು ವಾಪಸು ಕಳಿಸಿದ್ರೆ ನಾನು ಮನೆಗೆ ಹೋಗುದು. ಮತ್ತೆ ಬರ್ಲಿಕ್ಕಿಲ್ಲ. ನಿನಗೆ ಗೊತ್ತುಂಟಲ್ಲ.”

ಗೊತ್ತಿತ್ತು, ಅದೇ ಕಷ್ಟ. ಹೊಟ್ಟೆಯಲ್ಲಿ ಅನ್ನವಿದ್ದರೆ ಅರಿವಳಿಕೆಯಲ್ಲಿ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು ಎಂದು ನನ್ನ ಫೈಲಿನ ಎರಡನೇ ಪುಟದಲ್ಲೇ ಬರೆದಿತ್ತು. ಹೇಳಿದರೆ ಅಪ್ಪ ಎದ್ದು ಮನೆಗೆ ನಡೆಯುತ್ತಾರೆ, ಗಂಟು ಒಂದು ದಿನ ಸಿಕ್ಕಿಕೊಳ್ಳುತ್ತದೆ. ಹೇಳದಿದ್ದರೆ ಇವತ್ತೇ ಏನಾದರೂ ಆಗಬಹುದು. ಎರಡು ಚಮಚ ಸಾಂಬಾರಿಗೆ ಏನಾಗುತ್ತದೆ ಎಂದು ಮನಸ್ಸಿನೊಳಗೆ ಒಂದು ಸೋಮಾರಿ ದನಿಯೂ ಹೇಳಿತು. ಸ್ಟ್ರೆಚರಿನ ಪಕ್ಕ ಓಡುತ್ತ ನಾನು ಆ ದನಿಯನ್ನು ಲಿಫ್ಟಿನವರೆಗೂ ಕೇಳಿಸಿಕೊಂಡೆ. ನಾಚಿಕೆಯಾಗುತ್ತದೆ, ಆದರೆ ಕೇಳಿಸಿಕೊಂಡದ್ದು ನಿಜ.

ಆಪರೇಶನ್ ಥಿಯೇಟರಿನ ಬಾಗಿಲಲ್ಲಿ ಅರಿವಳಿಕೆಯ ಡಾಕ್ಟರು ಟೋಪಿ ತೊಟ್ಟು ನಿಂತಿದ್ದರು. ಅಪ್ಪ ಅವರಿಗೆ ನಮಸ್ಕಾರ ಮಾಡಿ, ಎಲ್ಲ ಫಸ್ಟ್ ಕ್ಲಾಸ್ ಎಂದರು. ನಾನು ಹೇಳಿಬಿಟ್ಟೆ. ಬೆಳಿಗ್ಗೆ ಇವರು ಸಾಂಬಾರು ತಿಂದಿದ್ದಾರೆ ಎಂದು, ಗಾಬರಿಗೆ ಅರ್ಧಂಬರ್ಧವಾದ ಮರಾಠಿಯಲ್ಲಿ, ಅಲ್ಲಿದ್ದ ಎಲ್ಲರಿಗೂ ಕೇಳಿಸುವ ಹಾಗೆ. ಅಪ್ಪ ಕಣ್ಣು ಮುಚ್ಚಿಕೊಂಡರು.

ಎಷ್ಟು ತಿಂದಿರಿ ಕಾಕಾ ಎಂದು ಡಾಕ್ಟರು ಮೆತ್ತಗೆ ಕೇಳಿದರು. ತಿಂದಿಲ್ಲ, ರುಚಿ ನೋಡಿದ್ದು ಎಂದರು ಅಪ್ಪ, ಕಣ್ಣು ತೆರೆಯದೆ. ಸರಿ, ಎಷ್ಟು ರುಚಿ ನೋಡಿದಿರಿ ಎಂದು ಅವರು ತಿದ್ದಿಕೊಂಡರು. ಆ ಹೆಂಗಸಿನ ಬುದ್ಧಿಗೆ ನಾನು ಇವತ್ತೂ ಕೈ ಮುಗಿಯುತ್ತೇನೆ. ಪ್ರಶ್ನೆ ಈಗ ಕಸುಬಿನ ಬಗ್ಗೆ ಬಂದಿತ್ತು, ಅಪ್ಪ ಕಣ್ಣು ತೆರೆದರು. ಹೋಟೆಲಿನಲ್ಲಿ ಕಲಿತ ತಮ್ಮ ಹಿಂದಿಯಲ್ಲಿ ಒಂದೊಂದಾಗಿ ವಿವರಿಸಿದರು. ಸಾಂಬಾರು ನಾಲ್ಕು ಸಲ. ಮೊದಲು ಬಂದ ಹಾಗೆ, ಆಮೇಲೆ ಬೇಳೆ ಬೆಂದ ಮೇಲೆ, ಬೆಲ್ಲ ಬಿದ್ದ ಮೇಲೆ, ಒಗ್ಗರಣೆ ಬಿದ್ದ ಮೇಲೆ. ಚಟ್ನಿ ಎರಡು ಸಲ, ಯಾಕೆಂದರೆ ಉಪ್ಪು ಕೂಡಲೇ ಗೊತ್ತಾಗುವುದಿಲ್ಲ. ಸಾಂಬಾರನ್ನು ಬರೀ ನಾಲಿಗೆಯಲ್ಲಿ ಅಳೆಯಲಾಗದು, ಇಡ್ಲಿ ಅದನ್ನು ಎಷ್ಟು ಕುಡಿಯುತ್ತದೆ ಎಂದು ನೋಡಬೇಕು, ಅದಕ್ಕೆ ಅರ್ಧ ಇಡ್ಲಿ. ಇಡ್ಲಿ ಗಟ್ಟಿಯಾಗಿದ್ದದ್ದರಿಂದ ತಪ್ಪು ಸಾಂಬಾರಿನದೋ ಇಡ್ಲಿಯದೋ ಎಂದು ತಿಳಿಯಲು ಇನ್ನೊಂದು ಪಾತ್ರೆಯ ಇಡ್ಲಿ, ಅದೂ ಅರ್ಧ. ವಡೆಯ ಅಂಚು ಮಾತ್ರ, ವಡೆಯ ಗುಣ ಅಂಚಿನಲ್ಲಿ ಗೊತ್ತಾಗುತ್ತದೆ. ಅಂಚೆಂದರೆ ಎಷ್ಟು ಎಂದು ಡಾಕ್ಟರು ಕೇಳಿದರು. ಸುತ್ತಲೂ ಎಂದರು ಅಪ್ಪ.

ಡಾಕ್ಟರು ತಮ್ಮ ಮಾಸ್ಕನ್ನು ಮೂಗಿನ ಮೇಲೆ ಸರಿಮಾಡಿಕೊಂಡರು. ನಗುತ್ತಿದ್ದರೋ ಏನೋ, ಕಣ್ಣು ಮಾತ್ರ ಕಾಣುತ್ತಿತ್ತು. ಕಾಕಾ, ಇದು ಪೂರ್ತಿ ನಾಷ್ಟಾ ಎಂದರು. ಎಲ್ಲಿ ತಿಂದಿರಿ ಎಂದಾಗ ಆ ಅಡುಗೆಯವನ ಮುಖ ನೆನಪಾಗಿ ನಾನು, ಹೊರಗೆ ರಸ್ತೆಯ ಆಚೆ ಎಲ್ಲೋ ಎಂದು ಸುಳ್ಳು ಹೇಳಿದೆ. ಅಪ್ಪನಿಗೆ ತಡೆದುಕೊಳ್ಳಲು ಆಗಲಿಲ್ಲ. ಹೊರಗಿನ ಸಾಂಬಾರನ್ನು ನಾನು ಬಾಯಿಗೆ ಹಾಕುವವನಲ್ಲ, ಇದು ನಿಮ್ಮದೇ ಕ್ಯಾಂಟೀನಿನದು, ನಾನೇ ಸರಿ ಮಾಡಿಸಿದ್ದು ಎಂದರು. ಡಾಕ್ಟರು, ಹಾಗಾದರೆ ಇವತ್ತು ನಾನು ಎರಡು ಸಲ ಹಾಕಿಸಿಕೊಂಡದ್ದು ನಿಮ್ಮ ಸಾಂಬಾರು ಎಂದರು. ಕ್ಯಾಂಟೀನಿನ ವಿಷಯ ಅಲ್ಲಿಗೇ ಮುಗಿಯಿತು. ಸರ್ಜನ್ನರನ್ನು ಕೇಳಿ ಬಂದು, ನಾಳೆ ಬೆಳಿಗ್ಗೆ ಮೊದಲ ಕೇಸು ನಿಮ್ಮದು, ಇಲ್ಲೇ ಇರಿ ಎಂದು ಸ್ಟ್ರೆಚರನ್ನು ವಾಪಸು ಕಳಿಸಿದರು. ನನ್ನ ಭುಜ ಮುಟ್ಟಿ, ಹೇಳಿದ್ದು ಒಳ್ಳೆಯದಾಯಿತು ಎಂದರು.

ಅಪ್ಪನಿಗೆ ಅದು ಒಳ್ಳೆಯದಾಗಿ ಕಾಣಲಿಲ್ಲ. ಕೋಣೆಗೆ ಬಂದವರೇ ಗೌನು ಕಳಚಿ ಎರಡನೇ ಬಿಳಿ ಶರ್ಟು ತೊಟ್ಟು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಸ್ಟೇಷನ್ನಿನಲ್ಲಿ ಗಾಡಿ ಕಾಯುವವರ ಹಾಗೆ ಹಾಸಿಗೆಯ ಅಂಚಿನಲ್ಲಿ ಕೂತರು. ನನಗೆ ಹೇಳಬೇಕಾದ್ದನ್ನು ಅಮ್ಮನಿಗೆ ತುಳುವಿನಲ್ಲಿ ಹೇಳುತ್ತಿದ್ದರು. ನಾಲ್ಕು ಜನರ ಮುಂದೆ ಅಪ್ಪನ ಮಾನ ತೆಗೆದವಳ ಜೊತೆ ತನಗೆ ಮಾತಿಲ್ಲ ಎಂಬುದು ಅದರ ಸಾರಾಂಶ. ಅಮ್ಮ ಒಂದು ಗಂಟೆ ಕೇಳಿದಳು. ಆಮೇಲೆ, ಹೋಗುವುದಾದರೆ ಹೋಗಿ, ನಾನು ಬರುವುದಿಲ್ಲ, ಇಲ್ಲಿ ಒಳ್ಳೆಯ ಫ್ಯಾನಿದೆ, ಅಡುಗೆ ಮಾಡುವ ಕೆಲಸವಿಲ್ಲ ಎಂದು ಪಕ್ಕದ ಖಾಲಿ ಹಾಸಿಗೆಯಲ್ಲಿ ಮಲಗಿಬಿಟ್ಟಳು. ಮನೆಯ ಬೀಗದ ಕೈ ಅವಳ ಸೊಂಟದಲ್ಲಿತ್ತು.

ಮಧ್ಯಾಹ್ನ ಅಮ್ಮ ಗೊರಕೆ ಹೊಡೆಯುತ್ತಿದ್ದಾಗ ನಾನು ಅಪ್ಪನ ಪಕ್ಕ ಹೋಗಿ ಕೂತೆ. ನನಗೆ ಅವರ ಮೇಲೆ ಸಿಟ್ಟಿತ್ತು, ಬೈಯಲೆಂದೇ ಕೂತದ್ದು. ಅಷ್ಟರಲ್ಲಿ ಅವರೇ ಗೋಡೆ ನೋಡುತ್ತ ಮಾತಾಡಿದರು.

“ಐದೂವರೆಗೆ ಎಚ್ಚರ ಆಯ್ತು. ಮಲಗಿದ್ರೆ ಒಂದೇ ಯೋಚನೆ, ನಿದ್ದೆ ಬರ್ಸಿದ ಮೇಲೆ ಮತ್ತೆ ಏಳ್ತೇನಾ ಅಂತ. ಕೆಳಗೆ ಹೋದೆ. ಪಾತ್ರೆ ಶಬ್ದ ಕೇಳಿತು. ಅಲ್ಲಿ ನಿಂತ ಮೇಲೆ ಹೆದರಿಕೆ ಹೋಯ್ತು.”

ನನಗೂ ಹೆದರಿಕೆ, ಅದಕ್ಕೇ ಮೂರು ಪುಟ ಬರೆದದ್ದು ಎಂದೆ. ಅವರು ಮೊದಲ ಸಲ ನನ್ನ ಕಡೆ ತಿರುಗಿ, ಫೈಲು ಕೊಡು ಎಂದು ಕೈ ಚಾಚಿದರು. ಕನ್ನಡಕ ಹಾಕಿಕೊಂಡು ಮೂರು ಪುಟವನ್ನೂ ಬಿಲ್ಲು ನೋಡುವ ಹಾಗೆ ಬೆರಳಿಟ್ಟು ಓದಿದರು. ನನ್ನ ಎತ್ತರ ಒಂದು ಇಂಚು ಕಡಿಮೆ ಬರೆದಿದ್ದೀ ಎಂದರು. ಟೈಫಾಯಿಡ್ ಬಂದದ್ದು ನಿನ್ನ ನಾಮಕರಣದ ವರ್ಷ, ನೀನು ಬರೆದ ವರ್ಷವಲ್ಲ ಎಂದರು. ಗೊರಕೆ ಎಂಬಲ್ಲಿ ‘ಹೌದು’ ಎಂದಿದ್ದದ್ದನ್ನು ಹೊಡೆದು ಹಾಕಿ, ಮಲಗಿದ್ದ ಅಮ್ಮನ ಕಡೆ ಕೈ ತೋರಿಸಿದರು. ಆಮೇಲೆ ಎದ್ದು ಶರ್ಟು ಕಳಚಿ ಮಡಚಿ ಚೀಲದಲ್ಲಿಟ್ಟರು. ಚೀಲವನ್ನು ಮತ್ತೆ ಹಾಸಿಗೆಯ ಕೆಳಗೆ ತಳ್ಳಿದರು.

ಆ ದಿನ ಅಮ್ಮನನ್ನು ಮನೆಗೆ ಕಳಿಸಿ ನಾನೇ ಉಳಿದೆ. ಬೆಳಿಗ್ಗೆ ಐದೂವರೆಗೆ ಸರಿಯಾಗಿ ಇಬ್ಬರೂ ಎದ್ದು ಕೂತಿದ್ದೆವು. ಕಾರಿಡಾರಿನಲ್ಲಿ ಒಟ್ಟಿಗೆ ನಡೆದೆವು, ನಾನು ಲಿಫ್ಟಿನ ಕಡೆ, ಅವರು ಗೋಡೆಯ ಕಡೆ. ಕೆಳಗಿನಿಂದ ಒಗ್ಗರಣೆಯ ವಾಸನೆ ಬಂತು. ಅಪ್ಪ ನಿಂತರು. ಸಾಸಿವೆ ಸೀದಿದೆ ಎಂದು ಸಂಕಟದಿಂದ ಹೇಳಿದರು. ನಾನು ತೋಳು ಹಿಡಿದು ಮುಂದೆ ನಡೆಸಿದೆ.

ಏಳೂವರೆಗೆ ಅರಿವಳಿಕೆಯ ಡಾಕ್ಟರು ತಾವೇ ಕೋಣೆಗೆ ಬಂದರು. ಕೈಯಲ್ಲಿ ಹೊಸ ಫಾರಮ್ಮು. ಹೊಟ್ಟೆ ಖಾಲಿಯೇ ಕಾಕಾ ಎಂದು ಕೇಳಿದರು. ಅಪ್ಪ ಫಸ್ಟ್ ಕ್ಲಾಸ್ ಎನ್ನುತ್ತಾರೆಂದು ನಾನು ಕಾದೆ. ಅಪ್ಪ ಮೇಲಿನ ಫ್ಯಾನು ನೋಡುತ್ತ ಮಲಗಿದ್ದರು.

“ಅವಳ ಹತ್ರ ಕೇಳಿ. ನನ್ನ ಲೆಕ್ಕ ಬೇರೆ, ನಿಮ್ಮ ಲೆಕ್ಕ ಬೇರೆ. ಅವಳಿಗೆ ಗೊತ್ತುಂಟು.”

ಖಾಲಿ ಇದೆ ಎಂದೆ. ಮಾತ್ರೆ, ಜ್ವರ, ಕೆಮ್ಮು, ಒಂದೊಂದಕ್ಕೂ ನಾನೇ ಉತ್ತರ ಕೊಟ್ಟೆ. ಮೂರು ವಾರ ನಾನು ಬೇಡಿಕೊಂಡದ್ದು ಇದನ್ನೇ, ಅಪ್ಪ ಸುಮ್ಮನಿದ್ದು ನನಗೆ ಮಾತಾಡಲು ಬಿಡಲಿ ಎಂದು. ಬಿಟ್ಟರು. ನನಗೆ ಅಳು ಬರುವ ಹಾಗಾಯಿತು, ಒಂದು ಸಲವಾದರೂ ನಡುವೆ ಬಾಯಿ ಹಾಕಲಿ ಎಂದು ಕಾದೆ, ಹಾಕಲಿಲ್ಲ.

ಕೊನೆಯದಾಗಿ ಡಾಕ್ಟರು, ಅಲುಗಾಡುವ ಹಲ್ಲು ಏನಾದರೂ ಇದೆಯೇ, ಗಂಟಲಲ್ಲಿ ನಳಿಗೆ ಇಳಿಸುವಾಗ ಬಿದ್ದರೆ ಕಷ್ಟ ಎಂದು ಕೇಳಿದರು. ಮೂರು ಪುಟದಲ್ಲಿ ಆ ಪ್ರಶ್ನೆ ಇರಲಿಲ್ಲ. ನಾನು ಅಪ್ಪನ ಕಡೆ ನೋಡಿದೆ. ಅಪ್ಪ ನನ್ನ ಕಡೆ ನೋಡಿದರು. ನೋಡಿ ಹೇಳುತ್ತೇನೆ ಎಂದು ನಾನು ಕೈ ತೊಳೆದು ಬಂದೆ. ಹೇಳುವ ಮೊದಲೇ ಅಪ್ಪ ಬಾಯಿ ತೆರೆದಿದ್ದರು.

ಅಪ್ಪನ ಬಾಯಿಯೊಳಗೆ ನಾನು ಯಾವತ್ತೂ ನೋಡಿರಲಿಲ್ಲ. ಮಕ್ಕಳಿಗೆ ಮಾಡುವ ಹಾಗೆ ಗಲ್ಲ ಹಿಡಿದು, ಒಂದೊಂದೇ ಹಲ್ಲನ್ನು ತೋರುಬೆರಳಿನಿಂದ ಒತ್ತಿ ನೋಡುತ್ತ ಹೋದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಏನು ಹೇಳುತ್ತೇನೋ ಎಂದು. ಕೆಳಗಿನ ಸಾಲಿನ ಎಡಗಡೆ ಒಂದು ಹಲ್ಲು ನನ್ನ ಬೆರಳಿನ ಕೆಳಗೆ ಅಲುಗಾಡಿತು. ಇದೊಂದು ಎಂದು ಹೇಳಿದೆ, ಡಾಕ್ಟರು ಬರೆದುಕೊಂಡರು.